ಟವೆಲ್ಲಿನ ಸುರುಳಿ, ದೊಡ್ಡಪ್ಪನ ಟಗರು

...ಅಥವಾ ಅದು ಈ ಟವೆಲ್ ಅಲ್ಲವೇ ಅಲ್ಲವೇನೋ. ಆಗಿನದಕ್ಕೆ ಹಸಿರು ಅಂಚಿತ್ತು ಎಂದು ನನ್ನ ನೆನಪು. ಈಗ ನನ್ನ ಹೆಂಡತಿ ರೇಣುಕಾ ಗ್ಯಾಸ್ ಕಟ್ಟೆ ಒರೆಸುತ್ತಿರುವುದಕ್ಕೆ ಅಂಚೇ ಇಲ್ಲ. ಮೂರು ವರ್ಷದಲ್ಲಿ ಕಿತ್ತುಹೋಗಿರಬಹುದು. ಇಲ್ಲದ ಅಂಚನ್ನು ನಾನೇ ಹೊಲಿದುಕೊಂಡಿರಲೂಬಹುದು. ಯಾವುದೋ ಒಂದು ಟವೆಲ್ಲನ್ನು ಸುರುಳಿ ಸುತ್ತಿ ತೊಡೆಗಳ ನಡುವೆ ಇಟ್ಟು, ಅದರ ಮೇಲೆ ಬಾತುಕೊಂಡ ಎಡ ವೃಷಣವನ್ನು ಮೊಟ್ಟೆಯ ಹಾಗೆ ಕೂರಿಸಿಕೊಂಡು, ಹರಪನಹಳ್ಳಿಯ ಬಾಡಿಗೆ ಮನೆಯಲ್ಲಿ ಎರಡು ವಾರ ಬಿದ್ದುಕೊಂಡಿದ್ದೆ ಎಂಬುದಷ್ಟು ನಿಜ.

ಆ ಪದವನ್ನು ಬರೆದೇಬಿಟ್ಟೆ ನೋಡಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಆ ಪಾಠ ಬಂದಾಗಲೆಲ್ಲ 'ಇದನ್ನು ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ತಿರುವಿದವನು. ನೀವೂ ಅಂಥ ಮೇಷ್ಟರ ಕೈಯಲ್ಲೇ ಕಲಿತಿರುತ್ತೀರಿ, ಬಿಡಿ.

ನೋವು ಶುರುವಾದದ್ದು ಊರಿಂದ, ಅಂದರೆ ಇಟ್ಟಿಗಿಯಿಂದ, ಬೈಕಿನಲ್ಲಿ ಬರುವಾಗ ಎಂದು ಎಲ್ಲರಿಗೂ ಹೇಳಿದ್ದೇನೆ. ರಸ್ತೆಯ ಗುಂಡಿಗಳು ಎದುರುತ್ತರ ಕೊಡುವುದಿಲ್ಲ. ಆದರೆ ಅದಕ್ಕೂ ಮುಂಚೆ ಮೂರ್ನಾಲ್ಕು ದಿನ ಮೂತ್ರ ಉರಿಯುತ್ತಿತ್ತು. ನೀರು ಕಡಿಮೆ ಕುಡಿದಿದ್ದೇನೆ ಎಂದುಕೊಂಡಿದ್ದೆ. ಆಮೇಲೆ ಒಂದು ದಿನವಿಡೀ ನೋವು ನಿಧಾನವಾಗಿ ಏರಿ, ಸಂಜೆಗೆ ಕರಿಹಲಗೆಯ ಮುಂದೆ ನಿಲ್ಲಲಾಗಲಿಲ್ಲ.

ಬಸ್ ಸ್ಟ್ಯಾಂಡಿನ ಮೆಡಿಕಲ್ ಶಾಪಿಗೆ ಹೋದೆ. ನನ್ನ ಪಕ್ಕದಲ್ಲೇ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ನಿಂತಿದ್ದರು.

"ಏನ್ ಬೇಕ್ರಿ ಸರ?" ಎಂದ ಅಂಗಡಿಯವನು.

"ತೊಡಿಮ್ಯಾಲೆ ಕುರು ಆಗೈತ್ರಿ," ಎಂದೆ.

ಅವನು ಕುರುವಿಗೆ ಕೊಡುವ ಗುಳಿಗೆ ಕೊಟ್ಟ, ನಾನು ಎರಡು ದಿನ ನುಂಗಿದೆ. ರೇಣುಕಾಳಿಗೂ ಕುರು ಎಂದೇ ಹೇಳಿದ್ದರಿಂದ ಅವಳು ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ನಮ್ಮ ಕಡೆ ಬಾವು ಎಂದರೆ ಕಾವು. ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಕೊಡಬಾರದ ಜಾಗಕ್ಕೆ ಕಾವು ಕೊಟ್ಟುಕೊಂಡೆ. ಆಗ ನಾನು ಕೂಗಿದೆ ಎಂದು ಅವಳು ಹೇಳುತ್ತಾಳೆ. ನನಗೆ ಕೂಗಿದ ನೆನಪಿಲ್ಲ. ಮೂರನೆಯ ದಿನ ಚಳಿಜ್ವರ ಬಂತು, ಕುರುವಿನ ಕತೆ ಮುಗಿಯಿತು.

ಡಾಕ್ಟರ ಕೋಣೆಯಲ್ಲಿ ಒಂದು ಪರದೆ ಇತ್ತು. ಈಚೆ ನಾನು, ಆಚೆ ಕುರ್ಚಿಯಲ್ಲಿ ರೇಣುಕಾ. ಡಾಕ್ಟರು ಪರೀಕ್ಷೆ ಮಾಡಿದರು, ಮೂತ್ರ ಕೊಡಲು ಹೇಳಿದರು, ಸ್ಕ್ಯಾನಿಗೆ ಕಳಿಸಿದರು. ವರದಿ ನೋಡಿ, "ವೃಷಣ ತಿರುವಿಕೊಂಡಿಲ್ಲ, ರಕ್ತ ಸರಿಯಾಗಿ ಹರಿತೈತಿ," ಎಂದರು. "ತಿರುವಿಕೊಂಡಿದ್ರ ಕೆಲವು ತಾಸಿನಾಗ ಆಪರೇಷನ್ ಆಗ್ಬೇಕಿತ್ತು. ಅಲ್ಲಿ ನೋವು ಬಂದ್ರ ಕುರು ಅಂತ ಮನ್ಯಾಗ ಕುಂದ್ರೋದಲ್ಲರೀ ಮೇಷ್ಟ್ರೇ." ಆಮೇಲೆ ಚೀಟಿಯ ಹಿಂದೆ ಚಿತ್ರ ಬರೆದರು. ವೃಷಣದ ಬೆನ್ನಿಗೆ ಅಂಟಿಕೊಂಡಂತೆ, ಗೋಜಲಾದ ದಾರದಂಥ ಒಂದು ಸುರುಳಿನಾಳ. ವೀರ್ಯಾಣು ಬಲಿಯುವುದು ಅಲ್ಲಿ. ಮೂತ್ರದ ಹಾದಿಯಿಂದ ಸೋಂಕು ಹಿಂದಕ್ಕೆ ಹತ್ತಿ ಆ ನಾಳ ಬಾತಿದೆ. ನಾನು ತಿರುವಿದ ಪುಟದಲ್ಲಿ ಇದೇ ಚಿತ್ರವಿತ್ತು.

"ಒಂದು ಮಾತು ಎಲ್ಲಾರಿಗೂ ಕೇಳ್ತೀನಿ, ತಪ್ಪು ತಿಳ್ಕಾಬ್ಯಾಡ್ರಿ. ಮನಿಯವ್ರನ್ನ ಬಿಟ್ಟು ಬ್ಯಾರೆ ಯಾರ ಜೊತಿಗಾದ್ರೂ ಸಂಬಂಧ ಐತೇನು?"

ಇಲ್ಲ ಎಂದೆ. ಇರಲಿಲ್ಲ, ಅದಕ್ಕೇ ಇಲ್ಲ ಎಂದೆ. ಆದರೆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಸ್ವಲ್ಪ ಹೊತ್ತು ಕಳೆಯಿತು. ಎಷ್ಟು ಹೊತ್ತು? ನನ್ನ ಲೆಕ್ಕದಲ್ಲಿ ಒಂದು ಉಸಿರು.

"ಸಂಬಂಧದಿಂದನೂ ಬರ್ತೈತಿ, ಸುಮ್ನ ಮೂತ್ರದ ಸೋಂಕಿನಿಂದನೂ ಬರ್ತೈತಿ," ಎಂದರು ಡಾಕ್ಟರು. ಯಾವುದೆಂದು ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗಬಹುದಿತ್ತು. ಆಗಲಿಲ್ಲ. ನಾಲ್ಕು ದಿನದ ಮೇಲೆ ಬಂದ ವರದಿಯಲ್ಲಿ ಯಾವ ಕ್ರಿಮಿಯೂ ಬೆಳೆದಿರಲಿಲ್ಲ. ಮೊದಲೇ ಏನಾದರೂ ಗುಳಿಗೆ ನುಂಗಿದ್ದಿರಾ ಎಂದು ಕೇಳಿದರು. "ಕುರುವಿಗ್ರಿ," ಎಂದೆ. ನನ್ನ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದ ಒಂದೇ ಒಂದು ಕ್ರಿಮಿಯನ್ನು ನಾನೇ ಕೊಂದಿದ್ದೆ.

ಮನೆಯಲ್ಲಿ ರೇಣುಕಾ ಡಾಕ್ಟರು ಹೇಳಿದ್ದನ್ನೆಲ್ಲ ಒಂದಕ್ಷರ ತಪ್ಪದೆ ಮಾಡಿದಳು. ಕಾವು ಬಂದ್. ಬಟ್ಟೆಯಲ್ಲಿ ಸುತ್ತಿದ ಐಸು ಹದಿನೈದು ನಿಮಿಷ, ಆಮೇಲೆ ಬಿಡುವು. ಊಟವಾದ ಮೇಲೆ ಸೋಂಕಿನ ಗುಳಿಗೆ, ನೋವಿನ ಗುಳಿಗೆ. ಎದ್ದು ಓಡಾಡುವಾಗ ಬಿಗಿಯಾದ ಚಡ್ಡಿ, ಮಲಗಿದಾಗ ಟವೆಲ್ಲಿನ ಸುರುಳಿ. ಎಲ್ಲವನ್ನೂ ತಂದಿಟ್ಟು ಸರಿದು ಹೋಗುತ್ತಿದ್ದಳು. ವರದಿ ಬಂದ ದಿನ ಮಾತ್ರ ನಿಂತು ಕೇಳಿದಳು.

"ಡಾಕ್ಟ್ರು ಆ ಮಾತು ಕೇಳಿದಾಗ ಯಾಕ ಸುಮ್ಕಾದ್ರಿ?"

"ಎಲ್ಲಿ ಸುಮ್ಕಾದೆ? ಲಗೂನ ಹೇಳಿದ್ನಲ್ಲ."

"ಮತ್ತ ಆ ಮಾತು ಪರದಿ ಈಚಿಗಿ ಬರಾಕ ಅಷ್ಟೊತ್ತು ಯಾಕಾತು?"

ಸಾಬೀತು ಮಾಡಲು ನನ್ನ ಬಳಿ ಏನಿತ್ತು? ಖಾಲಿ ವರದಿ. ನೋವು ಆ ಹೊತ್ತಿಗೆ ಅರ್ಧಕ್ಕಿಳಿದಿತ್ತು. ಹಳೆಯ ಚಾಳಿಯಂತೆ ಸೋಂಕಿನ ಗುಳಿಗೆ ಬಿಟ್ಟುಬಿಡೋಣ ಅನ್ನಿಸಿತು. ಆದರೆ ಪೂರ್ತಿ ಮುಗಿಸಬೇಕೆಂದು ಡಾಕ್ಟರು ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು, ಬಿಡುವಂತಿರಲಿಲ್ಲ.

ಆ ವಾರ ಇಟ್ಟಿಗಿಯಿಂದ ಹಿಂಡು ಹೊಡೆದುಕೊಂಡು ಬಂದಿದ್ದ ನನ್ನ ದೊಡ್ಡಪ್ಪನ ಕುರಿಗಳು ಹರಪನಹಳ್ಳಿಯ ಹೊರಗೆ, ಮೆಕ್ಕೆಜೋಳ ಕಟಾವಾದ ಹೊಲದಲ್ಲಿ ಇದ್ದವು. ಹೆಗಲಿಗೆ ಕಂಬಳಿ ಹಾಕಿಕೊಂಡು ನನ್ನನ್ನು ನೋಡಲು ಬಂದ.

"ಏನಲೇ ಮೇಷ್ಟ್ರ, ಈದ ಎಮ್ಮಿಯಂಗ ಮಲಗೀದಿ?"

"ಸೊಂಟನೋವು, ದೊಡ್ಡಪ್ಪ."

"ಸೊಂಟನೋವಿಗೆ ಅಲ್ಲಿ ಟವೆಲ್ ಇಡ್ತಾರೇನು? ನಾ ಕುರಿ ಕಾಯಾಂವಲೇ." ಐಸು ಹಿಡಿದು ಬಂದ ರೇಣುಕಾಳ ಕಡೆ ತಿರುಗಿ ಹೇಳಿದ. "ನಮ್ಮ ಕರೇ ಟಗರಿಗೂ ಹಿಂಗ ಬಾತಿತ್ತವ್ವ. ಬಟ್ಟಿಯಾಗ ಜೋಳಿಗಿ ಮಾಡಿ ಮ್ಯಾಲಕ್ಕೆತ್ತಿ ಕಟ್ಟಿದ್ವಿ. ಜೋತಾಡೋದು ನಿಂತ್ರ ಅರ್ಧ ನೋವು ಹೋತು."

ರೇಣುಕಾ ನನ್ನ ಕಡೆ ನೋಡದೆ ಅಂದಳು. "ಎಲ್ಲೆಲ್ಲಿ ತಿರುಗಿ ಬಂದಿತ್ತೋ ಏನೋ ಮಾವ, ಟಗರು."

ದೊಡ್ಡಪ್ಪ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. "ಎಲ್ಲಿ ತಿರುಗ್ತೈತವ್ವ? ಹೊಟ್ಟಿ ಕೆಳಗ ಗೋಣಿ ಕಟ್ಟಿದ್ವಿ. ಒಂದು ಕುರೀನೂ ಮುಟ್ಟಿರಲಿಲ್ಲ. ಆದ್ರೂ ಬಾತಿತ್ತು."

ಹಂಗಾಮಲ್ಲದ ಕಾಲದಲ್ಲಿ ಮರಿ ಹುಟ್ಟದಿರಲಿ ಎಂದು ಕುರುಬರು ಟಗರಿನ ಹೊಟ್ಟೆಯ ಕೆಳಗೆ ಗೋಣಿತಾಟು ಕಟ್ಟುತ್ತಾರೆ. ಕಟ್ಟಿದ ಮೇಲೆ ಟಗರು ಏನೂ ಮಾಡಲಾರದು. ಇದು ರೇಣುಕಾಳಿಗೂ ಗೊತ್ತು. ಐಸನ್ನು ನನ್ನ ಕೈಗೆ ಕೊಟ್ಟವಳು, "ಹಂಗಾರ ನಿಮ್ಮ ಮಗಗೂ ಒಂದು ಗೋಣಿ ಕಟ್ಟಿ ಹೋಗ್ರಿ ಮಾವ," ಎಂದು ನಕ್ಕಳು. ನಾನೂ ನಕ್ಕೆ. ನಗಲು ಹೋಗಿ ಬಹಳ ನೋವಾಯಿತು. ಅವತ್ತಿನಿಂದ ಐಸು ಇಟ್ಟು ಸರಿಯುವ ಬದಲು ಮಂಚದ ತುದಿಯಲ್ಲಿ ಕೂರತೊಡಗಿದಳು. ಗುಳಿಗೆ ಮುಗಿಯಿತು. ಸಣ್ಣ ಗಂಟಿನಂಥ ಬಾವು ಮಾತ್ರ ಇನ್ನೂ ಕೆಲವು ವಾರ ಇತ್ತು.

ಹೋದ ವರ್ಷ ಇಟ್ಟಿಗಿಯಲ್ಲಿ ದೊಡ್ಡಪ್ಪನನ್ನು ಕೇಳಿದೆ, ಆ ಕರೇ ಟಗರು ಆಮೇಲೆ ಏನಾಯಿತು ಎಂದು.

"ಯಾವ ಟಗರು? ನನ್ನ ಹಿಂಡಿನಾಗ ಕರೇ ಟಗರು ಎಂದೂ ಇರಲಿಲ್ಲಲೇ."

ಅವನಿಗೆ ವಯಸ್ಸಾಗಿದೆ, ಮರೆತಿರಬಹುದು. ಅಥವಾ ಅವತ್ತು ಹೊಸ್ತಿಲು ದಾಟುವಾಗ ಇರದಿದ್ದ ಟಗರು, ನಮ್ಮಿಬ್ಬರ ಮುಖ ನೋಡಿದ ಮೇಲೆ ಹುಟ್ಟಿರಬಹುದು.

ಈಗ ರೇಣುಕಾ ಆ ಟವೆಲ್ಲನ್ನು ಹಿಂಡುತ್ತಿದ್ದಾಳೆ. ದೊಡ್ಡಪ್ಪ ಹೇಳಿದ್ದನ್ನು ಹೇಳಿದೆ.

"ಅವತ್ತ ಗೊತ್ತಿತ್ತು ನನಗ," ಎಂದಳು. "ಬಾತಿದ್ದು ಕರೇದು ಅಂದ್ರು. ಹೋಗಾಗ ಬಾಗಲದಾಗ ನಿಂತು ಬಿಳೇದು ಅಂದ್ರು."

"ಮತ್ತ ಯಾಕ ನಕ್ಕಿ?"

ಅವಳು ಟವೆಲ್ಲನ್ನು ನನ್ನ ಕೈಗೆ ಕೊಟ್ಟು, "ಬಿಸಲಿಗೆ ಹಾಕಿ ಬರ್ರಿ," ಎಂದಳು.

ಮುಂದಿನ ವಾರ ಆ ಪಾಠ ಬರುತ್ತದೆ. ಈ ಸಲ ಪುಟ ತಿರುವುವುದಿಲ್ಲ. ಸುರುಳಿನಾಳವನ್ನು ಹಲಗೆಯ ಮೇಲೆ ಬರೆಯುತ್ತೇನೆ, ಸೋಂಕು ಹೇಗೆ ಹತ್ತುತ್ತದೆ ಎಂದೂ ಹೇಳುತ್ತೇನೆ. ನನಗೆ ಹೇಗೆ ಹತ್ತಿತು ಎಂಬುದು ನನಗೆ ಗೊತ್ತಿಲ್ಲ. ಆ ಒಂದು ಉಸಿರು ನಾನೇಕೆ ಸುಮ್ಮನಾದೆ, ಅದೂ ಗೊತ್ತಿಲ್ಲ. ರೇಣುಕಾ ನನ್ನನ್ನು ನಂಬಿದಳೋ, ಟಗರನ್ನು ನಂಬದೆಯೂ ನಕ್ಕು ಸುಮ್ಮನೆ ಸಂಶಯವನ್ನು ಬಿಟ್ಟುಕೊಟ್ಟಳೋ, ನನಗೆ ಗೊತ್ತಿಲ್ಲ.