ಎಡಗಣ್ಣಿನ ಕೆಳಗಿನ ಮೂರು ಚುಕ್ಕೆ

ಭೀಮನಬೀಡಿನಲ್ಲಿ ಯಾರ ಕೆನ್ನೆಯ ಮೇಲೆ ಬಂಗು ಕಾಣಿಸಿಕೊಂಡರೂ ಮೊದಲು ಬರುವುದು ಶಿವರುದ್ರಮ್ಮನ ಜಗಲಿಗೆ. ಬಾಣಂತನದ ಬಂಗು, ಬಿಸಿಲಿನ ಬಂಗು, ಚೆಂಡುಹೂವು ಬಿಡಿಸುವ ಹೆಂಗಸರ ಮೂಗಿನ ಮೇಲಿನ ಕರಿ, ಇಷ್ಟು ತನ್ನ ಪಾಲಿನವು. ತುರಿಸುವುದು, ಉರಿಯುವುದು, ಬೆಳ್ಳಗಾಗುವುದು ಗುಂಡ್ಲುಪೇಟೆಯ ಡಾಕ್ಟರ ಪಾಲಿನವು ಎಂದು ಅವಳೇ ಗಡಿ ಹಾಕಿಕೊಂಡಿದ್ದಾಳೆ. ಮದ್ದು ಅಂದರೆ ಏನು ಮಹಾ? ಸಾಣೆಕಲ್ಲಿನ ಮೇಲೆ ನಾಲ್ಕು ತೊಟ್ಟು ಹಸಿಹಾಲು ಬಿಟ್ಟು ಜಾಯಿಕಾಯಿ ತೇಯ್ದು ಸಂಜೆ ಹಚ್ಚುವುದು, ಬಿಗಿಯುವ ಮೊದಲೇ ತೊಳೆಯುವುದು, ಬೆಳಿಗ್ಗೆ ಸೋಪಿನ ಬದಲು ಕಡಲೆಹಿಟ್ಟು, ಹಗಲು ಬಿಸಿಲಿಗೆ ಮುಖ ಕೊಡದಿರುವುದು. ಈ ಕೊನೆಯದೊಂದನ್ನು ಮಾತ್ರ ಯಾರೂ ಮಾಡುವುದಿಲ್ಲ. ನಿಂಬೆಹಣ್ಣು ಉಜ್ಜಿಕೊಂಡು ನೇರ ಹೊಲಕ್ಕೆ ಹೋಗಿ, ಮೊದಲಿಗಿಂತ ಕರ್ರಗಾಗಿ ಬಂದು, ನಿನ್ನ ಮದ್ದು ಹತ್ತಲಿಲ್ಲ ಕಣಕ್ಕ ಎಂದು ಇವಳ ಮೇಲೆಯೇ ಹಾರಾಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವವರಿಗೆ ಯಾವ ಗಿಡ ತಾನೇ ಮದ್ದಾದೀತು.

ಆ ಸಾಣೆಕಲ್ಲು ಅವಳ ತವರು ಸಂತೆಮರಹಳ್ಳಿಯಿಂದ ಬಂದದ್ದು. ಮದುವೆಯಾಗಿ ಹೊರಡುವಾಗ ಅಪ್ಪ ಹಿತ್ತಾಳೆ ಪಾತ್ರೆಗಳ ನಡುವೆ ಅದನ್ನು ತಾನೇ ಇಟ್ಟು, ನಿಮ್ಮವ್ವನದು ಎಂದಷ್ಟೇ ಹೇಳಿ ಆಚೆಗೆ ಹೋಗಿಬಿಟ್ಟಿದ್ದ. ಅಂಗೈಯಗಲದ ಕಲ್ಲು, ನಡುವೆ ಆಗಲೇ ಸವೆದು ತಗ್ಗಾಗಿತ್ತು. ಪೂಜೆಯ ಗಂಧ ತೇಯ್ದು ಸವೆದದ್ದಿರಬೇಕೆಂದು ಶಿವರುದ್ರಮ್ಮ ತಿಳಿದಳು. ಅವ್ವ ಪುಟ್ಟತಾಯಮ್ಮ, ಮಗಳು ಅಂಬೆಗಾಲಿಡುವ ಮುಂಚೆಯೇ ಜ್ವರ ಬಂದು ತೀರಿಕೊಂಡವಳು. ಒಂದು ಫೋಟೋ ಇಲ್ಲ. ಅಪ್ಪ ಕಟ್ಟಿಕೊಂಡ ಚಿಕ್ಕವ್ವ ಒಳ್ಳೆಯವಳೇ, ಹೊಟ್ಟೆಬಟ್ಟೆಗೆ ಯಾವತ್ತೂ ಕಡಿಮೆ ಮಾಡಲಿಲ್ಲ. ಆದರೆ ಹೋದವಳ ಮಾತನ್ನು ಆ ಮನೆಯಲ್ಲಿ ಎತ್ತುವಂತಿರಲಿಲ್ಲ.

ಹೀಗಾಗಿ ಶಿವರುದ್ರಮ್ಮನಿಗೆ ಈ ಜೀವಮಾನದಲ್ಲಿ ಬೇಕೆನಿಸಿದ್ದು ಒಂದೇ, ಅವ್ವನ ಮುಖ ಹೇಗಿತ್ತು ಎಂದು ತಿಳಿಯುವುದು. ಸಿಕ್ಕಸಿಕ್ಕವರನ್ನು ಕೇಳಿದಳು. ಲಕ್ಷಣವಾಗಿದ್ದಳು ಎಂದರು. ಗೌರಿ ಇದ್ದ ಹಾಗಿದ್ದಳು ಎಂದರು. ಗೌರಿಯನ್ನು ಇವರು ಯಾವಾಗ ನೋಡಿದ್ದರೋ! ಸೋದರತ್ತೆ ಎತ್ತರ ಎಂದಳು, ಪಕ್ಕದ ಮನೆಯವಳು ಗಿಡ್ಡ ಎಂದಳು, ಒಬ್ಬ ಮಾವ ಬಿಳಿ ಎಂದ, ಅವನ ಹೆಂಡತಿ ಎಣ್ಣೆಗೆಂಪು ಎಂದು ತಿದ್ದಿದಳು. ದಿನಾ ಕಂಡ ಮುಖವನ್ನು ಮನುಷ್ಯರು ಬಾಯಲ್ಲಿ ಹೇಳಲಾರರು ನೋಡಿ, ಹಸುವಿನ ಸುಳಿ ಹೇಳುತ್ತಾರೆ, ಹೊಲದ ಬದು ಹೇಳುತ್ತಾರೆ, ಮುಖ ಕೇಳಿದರೆ ಲಕ್ಷಣವಾಗಿತ್ತು ಅನ್ನುತ್ತಾರೆ. ಕನ್ನಡಿಯಲ್ಲಿ ಹುಡುಕೋಣವೆಂದರೆ ಇವಳು ಅಪ್ಪನ ಪಡಿಯಚ್ಚು. ಹರೆಯದಲ್ಲಿ ಬೆಳಗಿನ ಪೂಜೆಗೆ ಕೂತು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸುವಾಗ, ಅದರ ಕರಿ ಹೊಳಪಿನಲ್ಲಿ ತನ್ನ ಮುಖ ಎಳ್ಳಷ್ಟಾಗಿ ಕಾಣುತ್ತಿತ್ತು. ಅದರೊಳಗೆ ಅವ್ವ ಸಿಕ್ಕಾಳೇ ಎಂದು ನೋಡಿ, ತಪ್ಪಾಯ್ತು ಶಿವನೇ ಎಂದು ಕಣ್ಣು ಮುಚ್ಚುತ್ತಿದ್ದಳು. ಮಕ್ಕಳಾದ ಮೇಲೆ ಕೇಳುವುದನ್ನು ಬಿಟ್ಟಳು. ಬೇಕೆನಿಸುವುದು ಮಾತ್ರ ಬಿಡಲಿಲ್ಲ.

ಇನ್ನು ಮೊಮ್ಮಗಳ ವಿಷಯ. ಮಗ ಸೋಮೇಶನ ಮಗಳು ಪವಿತ್ರ, ಗುಂಡ್ಲುಪೇಟೆಯಲ್ಲಿ ಡಿಗ್ರಿ ಓದುತ್ತಾಳೆ. ಅವಳಿಗೆ ಚಿಕ್ಕಂದಿನಿಂದಲೂ ಮೂಗು ಕೆನ್ನೆಗಳ ಮೇಲೆ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ಕಂದು ಚುಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು. ಸೊಸೆ ಶಶಿರೇಖಾ ಅದೇ ಚೆಂದ ಅನ್ನುತ್ತಿದ್ದಳು. ಕಾಲೇಜಿನಲ್ಲಿ ಯಾರೋ ಒಬ್ಬ ಎಳ್ಳುಂಡೆ ಎಂದು ಹೆಸರಿಟ್ಟ. ಅಷ್ಟೇ ಸಾಕಾಯಿತು. ಹುಡುಗಿ ಊಟ ಬಿಟ್ಟಳು, ಗೆಳತಿಯರ ಮಾತು ಕೇಳಿ ಯಾವುದೋ ಟ್ಯೂಬು ತಂದು ಗುಟ್ಟಾಗಿ ಮೆತ್ತಿಕೊಂಡಳು. ವಾರ ಕಳೆಯುವುದರೊಳಗೆ ಮುಖ ಕೆಂಪಗೆ ಊದಿ, ನೀರು ತಾಗಿದರೆ ಅಳುವಂತಾಯಿತು. ಶಿವರುದ್ರಮ್ಮ ಆ ಟ್ಯೂಬನ್ನು ತಿಪ್ಪೆಗೆ ಎಸೆದು, ಮೊಮ್ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಏನೂ ಹಚ್ಚದೆ ಸುಮ್ಮನಿರಿ ಎಂದರು ಅವರು. ಚರ್ಮ ಪೂರ್ತಿ ವಾಸಿಯಾದ ಮೇಲೆ ಒಂದು ಸಂಜೆ ಪವಿತ್ರ ತಾನಾಗಿ ಸಾಣೆಕಲ್ಲು ತಂದು ಅಜ್ಜಿಯ ಮುಂದೆ ಇಟ್ಟು ಕೂತಳು.

"ಊರೋರ ಮುಖ ಎಲ್ಲ ತಿಳಿ ಮಾಡ್ತೀಯ ಅಜ್ಜಿ. ನಂದೊಂದು ಬಿಟ್ಟು."

"ಅದು ಬಂಗಲ್ಲ ಕಣಮ್ಮಿ, ಉಟ್ಟಿನ ಚುಕ್ಕೆ. ಮಾಸ್ಬೋದು, ಓಗಕಿಲ್ಲ."

"ಮಾಸಿದ್ರೆ ಸಾಕು."

ಮಳೆಗಾಲವಿಡೀ ಅಜ್ಜಿ ತೇಯ್ದಳು. ಸೋಮೇಶ ಕೇರಳದ ಬತ್ತೇರಿಯಲ್ಲಿ ತರಕಾರಿ ಇಳಿಸಿ ಗಡಿಯ ಮದ್ದೂರು ಚೆಕ್‌ಪೋಸ್ಟ್ ದಾಟಿ ಬರುವಾಗಲೆಲ್ಲ ಅಲ್ಲಿಯ ಒಳ್ಳೆಯ ಜಾಯಿಕಾಯಿ ತಂದುಕೊಡುತ್ತಿದ್ದ. ಆಚೆ ರಸ್ತೆಬದಿಯ ಸೂರ್ಯಕಾಂತಿ ಹೊಲಗಳಲ್ಲಿ ಕೇರಳದವರು ಕಾರು ನಿಲ್ಲಿಸಿ ಬಿಸಿಲಿಗೆ ಹಲ್ಲು ಬಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಇವರ ಮನೆಯ ಹುಡುಗಿ ಮೋಡದ ದಿನವೂ ಕೊಡೆ ಬಿಚ್ಚಿಕೊಂಡು ಬಸ್ಸಿಗೆ ಹೋಗುತ್ತಿದ್ದಳು. ಮೂಗಿನ ಮೇಲಿನವು ಮೊದಲು ಮಾಸಿದವು, ಆಮೇಲೆ ಕೆನ್ನೆಯವು. ಎಡಗಣ್ಣಿನ ಕೆಳಗೆ ಒತ್ತಾಗಿದ್ದ ಮೂರು ಮಾತ್ರ ಜಗ್ಗಲಿಲ್ಲ. ಶಿವರುದ್ರಮ್ಮನಿಗೆ ಹಟ ಬಂತು. ಆ ಮೂರಕ್ಕೆ ಬೆರಳತುದಿಯಿಂದ ಬೇರೆಯಾಗಿಯೇ ಲೇಪ ಇಟ್ಟಳು. ದೀಪಾವಳಿಯ ಹೊತ್ತಿಗೆ ಅವೂ ಹೋದವು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಇಂಥ ಚುಕ್ಕೆ ತಾವೇ ಅರ್ಧ ಮಾಸುತ್ತವೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಂದವರ ಮುಂದೆಲ್ಲ ಮೊಮ್ಮಗಳ ಗಲ್ಲ ಹಿಡಿದೆತ್ತಿ ತೋರಿಸಿದಳು. ಹುಡುಗಿ ನಗುನಗುತ್ತಾ ಕಾಲೇಜಿಗೆ ಹೋಗುವುದನ್ನು ನೋಡಿ ಅವಳ ಹೊಟ್ಟೆ ತಣ್ಣಗಾಯಿತು.

ಆ ಕಾರ್ತೀಕದಲ್ಲಿ ನೆಂಟರ ಮದುವೆಯೊಂದಕ್ಕೆ ಅಜ್ಜಿ ಮೊಮ್ಮಗಳು ಚಾಮರಾಜನಗರಕ್ಕೆ ಹೋದರು. ಛತ್ರದ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಹಣ್ಣು ಮುದುಕಿ ಕೂತಿದ್ದಳು. ಸಂತೆಮರಹಳ್ಳಿಯ ಮೂಗಮ್ಮ, ಅದೇ ಊರಲ್ಲಿ ಹುಟ್ಟಿದ ಪುಟ್ಟತಾಯಮ್ಮನ ಎದುರುಮನೆಯವಳು, ಜೊತೆಯಲ್ಲಿ ಆಡಿ ಬೆಳೆದವಳು. ಬಹಳ ವರ್ಷದಿಂದ ಮಗಳ ಮನೆ ಸೇರಿದ್ದ ಅವಳು ಎಂದೋ ಹೋದಳೆಂದೇ ಶಿವರುದ್ರಮ್ಮ ತಿಳಿದಿದ್ದಳು. ಇಂಥವರ ಮಗಳು ಎಂದು ಹೇಳಿದ್ದೇ ತಡ, ಮುದುಕಿ ಇವಳ ಕೈ ಹಿಡಿದು ಎಳೆದು ಕೂರಿಸಿಕೊಂಡಳು. ಪವಿತ್ರಳ ಮುಖ ನೋಡಿದಳು, ಇನ್ನೂ ನೋಡಿದಳು. ಹುಡುಗಿ ನಾಚಿಕೊಂಡು ಮದುಮಗಳ ಜೊತೆ ಸೆಲ್ಫಿಗೆಂದು ಓಡಿದಳು. ಆಗ ಮೂಗಮ್ಮ ಬಾಯಿಬಿಟ್ಟಳು.

"ಪುಟ್ತಾಯಿ ಇಂಗೇ ಇದ್ಲು ಕಣಮ್ಮಿ. ಇದೇ ಗಲ್ಲ, ಇದೇ ನಗು. ಆದ್ರೆ ಈ ಮಗಿನ ಮೊಕ ಬರಿದು. ಅವ್ಳ ಮೊಕದ ತುಂಬ ಎಳ್ಳು ಚೆಲ್ದಂಗೆ ಚುಕ್ಕೆ ಇದ್ವು. ಎಡಗಣ್ಣಿನ ಕೆಳ್ಗೆ ಮೂರು, ಒಲೆಗುಂಡು ಮಡಗ್ದಂಗೆ."

ಶಿವರುದ್ರಮ್ಮನ ಕೈಯಲ್ಲಿದ್ದ ಕಾಫಿಯ ಲೋಟ ಅಲ್ಲೇ ನಿಂತಿತು. ಇಷ್ಟು ವರ್ಷ ಇದನ್ನು ಯಾಕೆ ಯಾರೂ ತನಗೆ ಹೇಳಲಿಲ್ಲ ಎಂದು ಕೇಳಿದಳು. ಸತ್ತವರ ಐಬು ಆಡಬಾರದಲ್ಲವೇ, ಅದಕ್ಕೇ ಯಾರೂ ಆಡಲಿಲ್ಲ, ತಾನೂ ಆಡಿರಲಿಲ್ಲ, ಈಗ ತಾನೂ ಹೊರಟು ನಿಂತವಳು, ಇನ್ನು ಯಾರ ಹೆದರಿಕೆ ಎಂದಳು ಮೂಗಮ್ಮ. ಆಮೇಲೆ ಇನ್ನೊಂದು ಮಾತನ್ನೂ ಹೇಳಿದಳು. ಪುಟ್ಟತಾಯಿಯ ಅವ್ವ ದಿನಾ ಸಂಜೆ ಮಗಳನ್ನು ಎಳೆದು ಕೂರಿಸಿಕೊಂಡು ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದು ಬಳಿಯುತ್ತಿದ್ದಳಂತೆ. ಕಲ್ಲು ತಗ್ಗು ಬೀಳುವಷ್ಟು ತೇಯ್ದಳಂತೆ. ಮಳೆಗಾಲಕ್ಕೆ ಚುಕ್ಕೆ ಹೋಗುತ್ತಿದ್ದವು, ಬೇಸಿಗೆಗೆ ಬಂದು ಕೂರುತ್ತಿದ್ದವು.

ಎಂಥ ಮರ್ಯಾದಸ್ಥ ಜನ ನೋಡಿ. ಎತ್ತರ, ಗಿಡ್ಡ, ಗೌರಿ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದರು. ಮಗಳು ತಾಯಿಯನ್ನು ಗುರುತು ಹಿಡಿಯಬಹುದಾಗಿದ್ದ ಒಂದೇ ಒಂದು ಗುರುತನ್ನು ಐಬೆಂದು ಎಲ್ಲರೂ ಸೇರಿ ನುಂಗಿಕೊಂಡರು. ಯಾರೂ ಕೇಡು ಬಗೆದವರಲ್ಲ, ಅದೇ ಸಂಕಟ.

ಬರುವಾಗ ಬಸ್ಸಿನಲ್ಲಿ ಪವಿತ್ರ ಅಜ್ಜಿಯ ಹೆಗಲಿಗೆ ಒರಗಿ ನಿದ್ದೆಹೋದಳು. ಶಿವರುದ್ರಮ್ಮ ಬಗ್ಗಿ ಅವಳ ಎಡಗಣ್ಣಿನ ಕೆಳಗೆ ನೋಡಿದಳು. ನುಣ್ಣಗಿತ್ತು. ಅವ್ವ ಇವಳ ಮನೆಗೇ ಬಂದು, ಎದುರಿಗೇ ಕೂತು ರೊಟ್ಟಿ ತಿಂದು, ಮಡಿಲಲ್ಲಿ ಮಲಗಿ, ಜಡೆ ಹಾಕಿಸಿಕೊಂಡು ಇದ್ದಳು. ತಾನು ಗುರುತು ಹಿಡಿಯದೆ ಅವಳದೇ ಕಲ್ಲಿನಲ್ಲಿ ತೇಯ್ದು ತೇಯ್ದು ಅಳಿಸಿದಳು. ಅಳಬೇಕೋ ನಗಬೇಕೋ ತಿಳಿಯದೆ ಗುಂಡ್ಲುಪೇಟೆ ಬರುವವರೆಗೂ ಅವಳು ಆ ಜಾಗವನ್ನೇ ನೋಡುತ್ತ ಕೂತಿದ್ದಳು. ಮಣ್ಣು ಸೇರಿದ ಒಬ್ಬ ಹೆಂಗಸಿನ ಕೆನ್ನೆಯ ಮೂರು ಚುಕ್ಕೆ, ನಡುವೆ ತನ್ನನ್ನೂ ಮಗನನ್ನೂ ಮುಟ್ಟದೆ ದಾಟಿ, ಈ ಹುಡುಗಿಯ ಕೆನ್ನೆಯಲ್ಲಿ ಅದೇ ಜಾಗ ಹುಡುಕಿ ಬಂದು ಕೂತಿದ್ದವಲ್ಲ ಎಂದು ನೆನೆದಷ್ಟೂ ಬೆರಗಾಗುತ್ತಿತ್ತು.

ಮಾರನೆಯ ಸಂಜೆ ಪವಿತ್ರ ಎಂದಿನಂತೆ ಮುಖ ತೊಳೆದು ಎದುರಿಗೆ ಕೂತಳು. ಹೇಳಿಬಿಡಲೇ ಎಂದು ಬಾಯಿಗೆ ಬಂತು. ಹೇಳಿದರೆ ಹುಡುಗಿ ಅಜ್ಜಿಗಾಗಿ ಲೇಪ ಬಿಡಲು ಒಪ್ಪಿಯಾಳು, ಆಮೇಲೆ ಕಾಲೇಜಿಗೆ ಮತ್ತೆ ತಲೆ ತಗ್ಗಿಸಿಕೊಂಡು ಹೋದಾಳು. ಸತ್ತವಳಿಗಾಗಿ ಬದುಕಿರುವವಳನ್ನು ಅಳಿಸುವುದು ಯಾವ ನ್ಯಾಯ? ಬಾಯಿ ಮುಚ್ಚಿಕೊಂಡು ತೇಯ್ದಳು. ಕಲ್ಲಿನ ತಗ್ಗಿನೊಳಗೆ ಬೆರಳು ಇಳಿಯಿತು. ಒಬ್ಬ ತಾಯಿ ತನ್ನ ಮಗಳಿಗಾಗಿ ತೋಡಿದ ತಗ್ಗು ಅದು, ಇವಳು ಅದನ್ನು ಇನ್ನಷ್ಟು ಆಳ ಮಾಡಿದ್ದಳು. ಊರಿನ ಎಷ್ಟೋ ಮುಖಗಳ ಬಂಗು ಹೋಗಲೆಂದು ಲಿಂಗ ಹಿಡಿದು ಬೇಡಿದ್ದವಳು, ಈಗ ಇದೊಂದು ಮುಖದ ಚುಕ್ಕೆ ಬರಲಿ ಎಂದು ಬೇಡಲು ನಾಚಿದಳು.

ಶಿವರಾತ್ರಿ ಕಳೆಯುವ ಹೊತ್ತಿಗೆ ಅರಿಸಿನದ ಕೆಲಸ ಜೋರಾಯಿತು. ಆಳು ಸಿಗುವುದು ಕಷ್ಟ, ಬೇಯಿಸಿದ ಅರಿಸಿನ ಕಾಯುವುದಿಲ್ಲ. ರಜ ಸಿಕ್ಕ ಪವಿತ್ರಳೂ ಮನೆಯ ಮುಂದಿನ ಕಣಕ್ಕೆ ಇಳಿದು ತಾಯಿಯ ಜೊತೆ ಕೊಂಬು ಹರಡಿದಳು. ಎರಡು ಕೈಯಲ್ಲೂ ಕೆಲಸವಿದ್ದಾಗ ಕೊಡೆ ಹಿಡಿಯುವವರು ಯಾರು? ಮೊದಲ ದಿನ ತಲೆಗೆ ಸುತ್ತಿದ್ದ ಟವೆಲು ಸೆಖೆಗೆ ಜಾರಿ ಹೆಗಲಿಗೆ ಬಂತು. ಜಗಲಿಯಿಂದ ನೋಡುತ್ತಿದ್ದ ಶಿವರುದ್ರಮ್ಮ, ಮುಖ ಮುಚ್ಕಳಮ್ಮಿ ಎಂದು ಕೂಗಲು ಬಾಯಿ ತೆರೆದಳು. ಕೂಗಲಿಲ್ಲ. ಅವಳ ಬದುಕಿನಲ್ಲಿ ಅವಳು ಮಾಡಿದ ಕಳ್ಳತನ ಅಂತಿದ್ದರೆ ಅದೊಂದೇ.

ಕೆಲಸ ಮುಗಿದು ಕಾಲೇಜು ಶುರುವಾಗುವ ಮುಂಚಿನ ದಿನ ಬೆಳಿಗ್ಗೆ ಪವಿತ್ರ ಕೈಗನ್ನಡಿ ಹಿಡಿದುಕೊಂಡೇ ಪಡಸಾಲೆಗೆ ಬಂದಳು. ಮುಖ ಅಳುವ ಹಾಗಿತ್ತು. ಎಲ್ಲ ವಾಪಸು ಬಂದವು ನೋಡಜ್ಜಿ ಎಂದಳು. ಪೂಜೆಗೆ ಅಣಿಯಾಗಿ ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಿದ್ದ ಶಿವರುದ್ರಮ್ಮ ತಲೆಯೆತ್ತಿದಳು. ಬಾಗಿಲಿನ ಬೆಳಕು ಹುಡುಗಿಯ ಮುಖದ ಮೇಲೆ ನೇರ ಬಿದ್ದಿತ್ತು. ಮೂಗಿನ ಮೇಲೆ, ಕೆನ್ನೆಯ ಮೇಲೆ, ಮೊದಲಿದ್ದ ಜಾಗ ಒಂದೂ ತಪ್ಪದೆ ಬಂದಿದ್ದವು. ಎಡಗಣ್ಣಿನ ಕೆಳಗೆ ಮೂರು, ಒಲೆಗುಂಡು ಇಟ್ಟ ಹಾಗೆ. ವಿಭೂತಿಯ ಬೆರಳು ಹಣೆಯ ಮೇಲೆಯೇ ಉಳಿಯಿತು. ಅರವತ್ತು ದಾಟಿದ ಮುದುಕಿ ಹುಟ್ಟಿದಾಗಿನಿಂದ ಮೊದಲ ಸಲ ತನ್ನ ತಾಯಿಯ ಮುಖ ನೋಡಿದಳು, ಅದೂ ಕಾಲೇಜು ಹುಡುಗಿಯ ವಯಸ್ಸಿನ ತಾಯಿ. ಕಣ್ಣಲ್ಲಿ ನೀರು ತುಂಬಿ ನೋಟ ಮಂಜಾದಾಗ ತನ್ನ ಕಣ್ಣಿನ ಮೇಲೆಯೇ ಸಿಟ್ಟು ಬಂದು ಸೆರಗಿನಲ್ಲಿ ಒರೆಸಿಕೊಂಡಳು.

ಪವಿತ್ರ ಹೆದರಿ ಪಕ್ಕದಲ್ಲಿ ಕೂತಳು. ಆಗ ಅಜ್ಜಿ ಎಲ್ಲವನ್ನೂ ಹೇಳಿದಳು. ಫೋಟೋ ಇಲ್ಲದ್ದು, ಕೇಳಿ ಕೇಳಿ ಸೋತದ್ದು, ಛತ್ರದಲ್ಲಿ ಮೂಗಮ್ಮ ಆಡಿದ್ದು, ಕಣದಲ್ಲಿ ತಾನು ಕೂಗದೆ ಉಳಿದದ್ದು. ಹುಡುಗಿ ಕೇಳುತ್ತ ಕೇಳುತ್ತ ಕನ್ನಡಿಯನ್ನು ಮಗುಚಿ ಕೆಳಗಿಟ್ಟಳು.

"ಬ್ಯಾಡ ಅನ್ನಕಿಲ್ಲ ಕಣವ್ವ, ತೇಯ್ತೀನಿ," ಎಂದಳು ಶಿವರುದ್ರಮ್ಮ. "ಇವತ್ತೊಂದಿನ ಬುಡು. ಒಂದಿನ ನೋಡ್ಕತೀನಿ."

ಆ ದಿನ ಪವಿತ್ರ ಎಲ್ಲಿಗೂ ಹೋಗಲಿಲ್ಲ. ಅಜ್ಜಿಯ ಎದುರಿಗೆ ಕೂತು ಸೊಪ್ಪು ಬಿಡಿಸಿದಳು, ಮೊಬೈಲು ನೋಡಿದಳು, ಅಲ್ಲೇ ಗೋಡೆಗೆ ಒರಗಿ ತೂಕಡಿಸಿದಳು. ಅಜ್ಜಿ ನೋಡುತ್ತಲೇ ಇದ್ದಳು, ನಡುವೆ ಒಂದೆರಡು ಸಲ ಬೆರಳು ಚಾಚಿ ಆ ಮೂರನ್ನು ಮುಟ್ಟಿದಳು. ಸಂಜೆಯಾಯಿತು. ತೇಯುವ ಹೊತ್ತು. ಹುಡುಗಿ ಎದ್ದು ಹೋಗಿ ಸಾಣೆಕಲ್ಲನ್ನು ಎತ್ತಿಕೊಂಡು ಬಂದಳು. ಅದರ ತಗ್ಗಿನಲ್ಲಿ ಹೆಬ್ಬೆರಳಾಡಿಸುತ್ತಾ ನಿಂತು ಕೇಳಿದಳು.

"ನೋಡಿ ಮುಗೀತಾ ಅಜ್ಜಿ?"

"ಎಲ್ಲಮ್ಮಿ? ಇನ್ನೂ ಮೂಗಿನ್ ತಾವೇ ಇವ್ನಿ."

ಪವಿತ್ರ ಕಲ್ಲನ್ನು ತೆಗೆದುಕೊಂಡು ಹೋಗಿ ಗೂಡಿನಲ್ಲಿಟ್ಟು ಬಂದು, ದೀಪದ ಸ್ವಿಚ್ಚು ಹಾಕಿ, ಮುಖಕ್ಕೆ ಬೆಳಕು ಬೀಳುವ ಹಾಗೆ ಅಜ್ಜಿಯ ಎದುರಿಗೆ ಮತ್ತೆ ಕೂತಳು.