ಊಟದಿಂದ ಏಳದ ನಾಯಕ

ನಿರ್ದೇಶಕ ಕ್ವಾಂಗ್ ನಾಲ್ಕನೇ ವಯಸ್ಸಿನಲ್ಲಿ ಅಮ್ಮನ ಜೊತೆ ದೋಣಿಯಲ್ಲಿ ವಿಯೆಟ್ನಾಂ ಬಿಟ್ಟವನು. ಲಂಡನ್ನಿನಲ್ಲಿ ಬೆಳೆದು, ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಸಿನಿಮಾ ಮುಗಿಸಿದ್ದ. ಅದರಲ್ಲಿ ಯಾರೂ ಮಾತಾಡುವುದಿಲ್ಲ. ಒಬ್ಬ ವಿಮರ್ಶಕ ‘ಮೌನದ ಶಿಲ್ಪಿ’ ಎಂದು ಬರೆದ ಮೇಲೆ ಕ್ವಾಂಗ್ ಮನೆಯಲ್ಲೂ ಮಾತು ಕಡಿಮೆ ಮಾಡಿದನಂತೆ. ಹೊಟ್ಟೆಪಾಡಿಗೆ ಮದುವೆ, ಸೀಮಂತ, ಅಂದರೆ ನಮ್ಮ ಕಡೆಯ ಕುಬಸಗಳ ವಿಡಿಯೊ ತೆಗೆಯುತ್ತಾನೆ. ಲಂಡನ್ನಿನ ನಮ್ಮ ಗ್ರೀನ್‌ಫರ್ಡ್ ಬಡಾವಣೆಯ ಶರಣಪ್ಪನವರ ಮಗಳ ಕುಬಸವನ್ನೂ ಅವನೇ ತೆಗೆದದ್ದು. ಮೊದಲ ಹತ್ತು ನಿಮಿಷ ಬರೀ ಬಾಗಿಲಿದೆ.

ಆ ಪರಿಚಯದ ಮೇಲೆ, ಹದಿನಾಲ್ಕು ವರ್ಷದಿಂದ ತೆಗೆಯುತ್ತಿದ್ದ ಎರಡನೇ ಸಿನಿಮಾದ ಕೊನೆಯ ದೃಶ್ಯಕ್ಕೆ ಶರಣಪ್ಪನವರ ಅಡುಗೆಮನೆ ಕೇಳಿದ. ಅಮ್ಮ ಅನ್ನ ಬಡಿಸುತ್ತಾಳೆ. ಮಗ ಅರ್ಧಕ್ಕೇ ಎದ್ದು ಮನೆ ಬಿಡುತ್ತಾನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಸಿನಿಮಾ ಮಾಡುತ್ತೇನೆಂದು ಕ್ವಾಂಗ್ ಹಾಗೇ ಎದ್ದು ಬಂದಿದ್ದ. ಮಗನ ಪಾತ್ರದ ನಟ ಚಿತ್ರೀಕರಣದ ಮರುದಿನವೇ ಬೇರೆ ದೇಶಕ್ಕೆ ಹೊರಟಿದ್ದ. ಅಂದು ತೆಗೆಯದಿದ್ದರೆ ಸಿನಿಮಾಕ್ಕೆ ಕೊನೆಯೇ ಇಲ್ಲ. ಅಮ್ಮನ ಪಾತ್ರದವರಿಗೆ ಅಂದೇ ಜ್ವರ ಬಂತು.

“ಕೈ ಮಾತ್ರ ಸಾಕು,” ಎಂದ ಕ್ವಾಂಗ್, ಶರಣಪ್ಪನವರ ಹೆಂಡತಿ ಪಾರ್ವತೆವ್ವನವರ ಕೈಯನ್ನೇ ನೋಡುತ್ತ. “ಬಳೆ ತೆಗೆಯಬೇಕು.”

ಶರಣಪ್ಪ ಅದನ್ನು ಕನ್ನಡದಲ್ಲಿ ಹೇಳಿದರು.

“ಗಂಡ ಎದುರಿಗೆ ಗುಂಡುಕಲ್ಲಿನ್ಹಂಗ ಕುಂತಾನ, ಬಳಿ ತೆಗೀತಾರೇನು?” ಎಂದರು ಪಾರ್ವತೆವ್ವ.

ಕ್ವಾಂಗ್ ಕಣ್ಣು ಮುಚ್ಚಿ ಚಿಂತಿಸಿ, ಉದ್ದ ತೋಳಿನ ಸ್ವೆಟರ್ ತರಿಸಿದ.

“ಆ್ಯಕ್ಷನ್!” ಕೈ ಅನ್ನ ಬಡಿಸಿತು. ನಟ ಎರಡು ತುತ್ತು ತಿಂದು ಎದ್ದ. ಕೈ ಅವನ ಭುಜ ಹಿಡಿದು ಕೂರಿಸಿತು.

“ಕಟ್!”

ಹೀಗೆ ಆರು ಸಲ ಆಯಿತು. ಪಕ್ಕದ ಮನೆಯಿಂದ ಸಹಾಯಕ್ಕೆ ಬಂದು, ಕಿಟಕಿಯ ಬೆಳಕು ತಾಟಿನ ಮೇಲೆ ಬೀಳಲೆಂದು ಬಿಳಿ ಹಲಗೆ ಹಿಡಿದು ನಿಂತಿದ್ದ ನನ್ನ ತೋಳು ಮರಗಟ್ಟಿತ್ತು.

“ಮೇಡಂ, ಅವನು ಹೋಗಲೇಬೇಕು,” ಎಂದು ಮೌನದ ಶಿಲ್ಪಿ ಕಿರುಚಿದ.

“ಹೋಗ್ಲಿ, ಯಾರು ಬ್ಯಾಡಂದ್ರು? ನನ್ನ ಮನ್ಯಾಗ ತಾಟಿನ್ಯಾಗ ಅನ್ನ ಬಿಟ್ಟು ಯಾರೂ ಏಳಂಗಿಲ್ಲ. ಉಂಡು ಹೋಗ್ಲಿ.”

ಏಳನೇ ಸಲ ನಟ ಏಳಲೇ ಇಲ್ಲ. ಬೆಳಗಿನಿಂದ ಉಪವಾಸವಿದ್ದ, ತಾಟಿಗೆ ಈಗ ಪುಂಡಿಪಲ್ಯವೂ ಬಿದ್ದಿತ್ತು. ತಲೆ ತಗ್ಗಿಸಿ ಉಣ್ಣುತ್ತಲೇ ಹೋದ. ಕೈ ಮತ್ತೆ ಬಡಿಸಿತು. ‘ಕಟ್’ ಎನ್ನಲು ಬಾಯಿ ತೆರೆದ ಕ್ವಾಂಗ್ ತೆರೆದುಕೊಂಡೇ ನಿಂತ. ತಾಟು ಖಾಲಿಯಾಗುವ ಹೊತ್ತಿಗೆ ಕಿಟಕಿಯ ಬೆಳಕೂ ಹೋಯಿತು.

ಮರುವರ್ಷ ಒಂದು ಪುಟ್ಟ ಚಿತ್ರೋತ್ಸವದಲ್ಲಿ ಸಿನಿಮಾ ಅದೇ ಕೊನೆಯೊಂದಿಗೆ ತೆರೆಕಂಡಿತು. ಮಗ ಯಾಕೆ ಮನೆ ಬಿಡಲಿಲ್ಲ ಎಂದು ಪ್ರೇಕ್ಷಕರೊಬ್ಬರು ಕೇಳಿದರು.

“ವಲಸಿಗನ ಸ್ಮೃತಿಯಲ್ಲಿ ಹಸಿವೆಂಬುದು...” ಎಂದು ಶುರು ಮಾಡಿದ ಕ್ವಾಂಗ್‌ಗೆ ಮೂರನೇ ಸಾಲಿನಲ್ಲಿ ಪಾರ್ವತೆವ್ವ ಕಂಡರು. ಆ ವಾಕ್ಯವನ್ನು ಅಲ್ಲಿಗೇ ಬಿಟ್ಟ.

“ಅವನ ಊಟ ಮುಗಿದಿರಲಿಲ್ಲ,” ಎಂದು ಕೂತುಬಿಟ್ಟ.

ಶರಣಪ್ಪ ಅದನ್ನು ಕನ್ನಡದಲ್ಲಿ ಪಿಸುಗುಟ್ಟಿದರು.

“ಈಗ ಖರೇ ಹೇಳ್ದ ನೋಡ್ರಿ,” ಎಂದರು ಪಾರ್ವತೆವ್ವ.