ತಟ್ಟೆಯಲ್ಲಿ ಉಳಿದ ಶೀರಾ

ತೊಂಬತ್ತರ ದಶಕದ ಡೊಂಬಿವಲಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಮನೆಯಲ್ಲಿ ನಡೆಯುತ್ತಿದ್ದುದು ಕಡಿಮೆ. ಕಾರಣ, ಜಾಗ. ಒಂದು ರೂಮು, ಒಂದು ಕಿಚನ್, ರೂಮಿನಲ್ಲೊಂದು ಮಂಚ, ಮಂಚದ ಮೇಲೆ ಒಬ್ಬರು ಅಜ್ಜಿ. ಗಂಡಿನ ಕಡೆಯವರು ಒಳಗೆ ಬಂದರೆ ಹೆಣ್ಣಿನ ಕಡೆಯವರು ಹೊರಗಿನ ಗ್ಯಾಲರಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಮೇಲಾಗಿ, ಬಂದವರು ಒಪ್ಪದೆ ಹೋದರೆ ಸಂಜೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಆ ಸುದ್ದಿ ಇಡೀ ಬಿಲ್ಡಿಂಗಿಗೆ ತಲುಪಿರುತ್ತಿತ್ತು. ಆದ್ದರಿಂದ ಸ್ಟೇಷನ್ನಿನ ಪೂರ್ವಕ್ಕಿದ್ದ ನಮ್ಮ ಹೋಟೆಲಿನ ಮಾಳಿಗೆಯ ಫ್ಯಾಮಿಲಿ ರೂಮೇ ಮರ್ಯಾದೆಗೆ ಕ್ಷೇಮಕರವೆಂದು ನಮ್ಮ ಜನ ಕಂಡುಕೊಂಡಿದ್ದರು. ಅಲ್ಲಿ ನಡೆದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಹೋಟೆಲಿನವರಿಗೆಲ್ಲ ತಿಳಿಯುತ್ತಿತ್ತು, ಅದು ಬೇರೆ ಮಾತು.

‘ನಮ್ಮ ಹೋಟೆಲು’ ಎಂದ ಮಾತ್ರಕ್ಕೆ ನನ್ನನ್ನು ಮಾಲೀಕನೆಂದು ಯಾರೂ ಭಾವಿಸಬಾರದು. ನಾನು ಅಲ್ಲಿ ವೇಟರ್ ಆಗಿದ್ದೆ. ಹಗಲು ಇಡ್ಲಿ ಸಾಂಬಾರು, ಸಂಜೆಯ ಮೇಲೆ ರಾತ್ರಿ ಶಾಲೆ. ಉಡುಪಿಯ ಕಡೆಯಿಂದ ಬಂದ ಹುಡುಗರಿಗೆ ಆಗ ಇದು ಜಾತಕದಲ್ಲೇ ಬರೆದಿರುತ್ತಿತ್ತು.

ಫ್ಯಾಮಿಲಿ ರೂಮಿಗೆ ಕಡಿದಾದ ಕಬ್ಬಿಣದ ಮೆಟ್ಟಿಲು. ಮೆಟ್ಟಿಲು ಮುಗಿಯುವಲ್ಲಿ ಅಡ್ಡಕ್ಕೊಂದು ತೊಲೆ. ಕಟ್ಟಿಸಿದವನು ಕುಳ್ಳನಿದ್ದಿರಬೇಕು, ಮೇಲೆ ಬಂದ ಪ್ರತಿಯೊಬ್ಬ ಗಂಡಸೂ ಅದಕ್ಕೆ ಹಣೆ ಚಚ್ಚಿಕೊಂಡೇ ಒಳಗೆ ಪ್ರವೇಶಿಸುತ್ತಿದ್ದ. ‘ತಲೆ ಸಂಭಾಳಿಸಿ’ ಎಂದು ಬೋರ್ಡು ಹಾಕಿಸಿದ್ದರು. ಆದರೆ ಅದನ್ನು ತೊಲೆಗೇ ಹೊಡೆದಿದ್ದರಿಂದ, ಚಚ್ಚಿಕೊಂಡು ಹಿಂದೆ ಸರಿದ ಮೇಲಷ್ಟೇ ಓದಲು ಸಿಗುತ್ತಿತ್ತು. ವರಮಹಾಶಯರು ಹಣೆ ಉಜ್ಜಿಕೊಳ್ಳುತ್ತ ಬಂದು ಹುಡುಗಿಯ ಎದುರು ಕೂರುತ್ತಿದ್ದರು. ಮುಂದಿನ ಬಾಳಿಗೆ ಇದು ಒಳ್ಳೆಯ ಅಭ್ಯಾಸ ಎಂದು ನಮ್ಮ ಅಣ್ಣ ಹೇಳುತ್ತಿದ್ದರು.

ಅಣ್ಣ ಎಂದರೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ವೇಟರ್. ಒಂದೇ ಕೈಯಲ್ಲಿ ನಾಲ್ಕು ಗ್ಲಾಸು ನೀರು ಹಿಡಿಯುವುದನ್ನೂ, ಬಿಸಿ ಟ್ರೇಯನ್ನು ಹೆಗಲೆತ್ತರಕ್ಕೆ ಏರಿಸಿ ಆ ತೊಲೆಯ ಕೆಳಗೆ ಬಗ್ಗಿ ನುಸುಳುವುದನ್ನೂ ನನಗೆ ಕಲಿಸಿದವರು ಅವರೇ. ನನಗೆ ಕಾಮಾಲೆಯಾದಾಗ ಅಡುಗೆಯವರ ಬೈಗುಳ ತಿಂದು ದಿನಾ ಗಂಜಿ ಮಾಡಿಸಿ ತಂದದ್ದೂ ಅವರೇ. ಪರೀಕ್ಷೆಯ ದಿನಗಳಲ್ಲಿ ನನ್ನ ಟೇಬಲ್ಲುಗಳನ್ನು ತಾವೇ ನೋಡಿಕೊಂಡು, ‘ಹೋಗಿ ಓದು ಮಾರಾಯ, ಇಲ್ಲದಿದ್ದರೆ ನನ್ನ ಹಾಗೆ ಸಾಯುವವರೆಗೆ ಚಟ್ನಿ ಬಡಿಸ್ತಾ ಇರ್ತಿ’ ಎಂದು ಆಶೀರ್ವದಿಸುತ್ತಿದ್ದರು.

ಅಣ್ಣ ಒಂದು ಶಾಸ್ತ್ರದ ಕರ್ತೃವೂ ಆಗಿದ್ದರು. ಮಾಳಿಗೆಯಿಂದ ಇಳಿದು ಬಂದ ಎಂಜಲು ತಟ್ಟೆಗಳನ್ನು ನೋಡಿ ಸಂಬಂಧ ಕೂಡುವುದೋ ಇಲ್ಲವೋ ಎಂದು ಹೇಳುವ ಶಾಸ್ತ್ರ ಅದು. ಇಂಥ ಸಂದರ್ಭಗಳಲ್ಲಿ ಉಪ್ಮಾ ಮತ್ತು ಶೀರಾ ತರಿಸುವುದು ಪದ್ಧತಿ. ಶೀರಾ ಎಂದರೆ ಬೆಂಗಳೂರಿನವರ ಕೇಸರಿಬಾತ್. ಹುಡುಗಿಯ ತಟ್ಟೆಯಲ್ಲಿ ಶೀರಾ ಮುಗಿದಿದ್ದರೆ ಶುಭ. ಹುಡುಗಿಯ ತಾಯಿ ಮೇಲಿನಿಂದ ಕೂಗಿ ಎರಡನೆಯ ಸಲ ಕಾಫಿ ತರಿಸಿದರೆ ಲಗ್ನಪತ್ರಿಕೆ ಅಚ್ಚಾದಂತೆಯೇ ಲೆಕ್ಕ. ಆದರೆ ಶೀರಾ ಉಳಿದಿದ್ದರೆ ಮುಗಿಯಿತು. ಅಣ್ಣ ಆ ತಟ್ಟೆಯನ್ನು ಅಡುಗೆಮನೆಯ ಕಿಟಕಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು, ‘ಆಗುವುದಿಲ್ಲ. ಶೀರಾ ಉಂಟು’ ಎಂದು ತೀರ್ಪು ಕೊಡುತ್ತಿದ್ದರು. ದೋಸೆ ಹುಯ್ಯುವವರು ಒಂದು ಗಳಿಗೆ ಕೈ ನಿಲ್ಲಿಸುತ್ತಿದ್ದರು. ಆ ತೀರ್ಪಿಗೆ ಅಪೀಲು ಇರಲಿಲ್ಲ.

ಮುಂದೆ ರಾತ್ರಿ ಶಾಲೆ, ಕಾಲೇಜು ಮುಗಿಸಿ ವಾಶಿಯ ಸಗಟು ಮಾರುಕಟ್ಟೆಯ ಒಬ್ಬ ಈರುಳ್ಳಿ ವ್ಯಾಪಾರಿಯ ಆಫೀಸಿನಲ್ಲಿ ನಾನು ಗುಮಾಸ್ತನಾದೆ. ಕೋಪರಖೈರಣೆಯಲ್ಲಿ ರೂಮು. ಗುಮಾಸ್ತನೆಂದ ಮೇಲೆ ಮದುವೆಯಾಗಲೇಬೇಕೆಂದು ನನ್ನ ಸೋದರಮಾವ ಹೊರಟರು. ಮಾವ ಠಾಣೆಯ ಒಂದು ಹೋಟೆಲಿನಲ್ಲಿ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂರುವವರು. ಗಲ್ಲೆಗೂ ಟೇಬಲ್ಲಿಗೂ ಇರುವ ದೂರ ಹತ್ತು ಹೆಜ್ಜೆಯೆಂದು ಗಿರಾಕಿಗಳು ತಿಳಿದಿರುತ್ತಾರೆ; ಮಾವನ ಮಟ್ಟಿಗೆ ಅದು ಠಾಣೆಯಿಂದ ಕಾಶಿಗಿರುವಷ್ಟು. ನಾನು ವೇಟರ್ ಆಗಿದ್ದೆನೆಂಬುದನ್ನು ಅವರು ನೆಂಟರಿಷ್ಟರ ನಡುವೆ ಎತ್ತುತ್ತಲೇ ಇರಲಿಲ್ಲ.

ಒಂದು ದಿನ ಆಫೀಸಿಗೆ ಅವರ ಫೋನು ಬಂತು.

“ಹುಡುಗಿ ಡೊಂಬಿವಲಿ. ನಮ್ಮವರೇ. ಅಪ್ಪನಿಗೆ ಸರ್ಕಾರಿ ಆಫೀಸು, ಹುಡುಗಿ ಠಾಣೆಯಲ್ಲಿ ಟೈಪಿಸ್ಟ್. ಫೋಟೋ ಕಳಿಸ್ತೇನೆ. ಆದಿತ್ಯವಾರ ನೋಡುದು.”

“ಎಲ್ಲಿ ಮಾವ?”

“ಅದೇ ತಲೆನೋವು ಮಾರಾಯ. ಅವರಿಗೆ ಅದೇ ಹೋಟೆಲು ಬೇಕಂತೆ. ಕಾಫಿ ಒಳ್ಳೇದುಂಟಂತೆ.”

ಫೋಟೋ ನೋಡಿದ ಮೇಲೆ ನನಗೂ ತಲೆನೋವು ಸುರುವಾಯಿತು. ಆ ಹುಡುಗಿಯನ್ನು ನಾನು ಬಲ್ಲೆ. ಆದಿತ್ಯವಾರಗಳಲ್ಲಿ ಅಪ್ಪ ಅಮ್ಮನ ಜೊತೆ ನನ್ನ ಟೇಬಲ್ಲಿಗೇ ಬರುತ್ತಿದ್ದವಳು, ಆಗ ಕಾಲೇಜು. ಅವಳ ಅಪ್ಪ ಗರಿಗರಿಯಾಗಿಲ್ಲವೆಂದು ವಡೆಯನ್ನು ವಾಪಸು ಕಳಿಸುವಾಗಲೂ ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ಅವಳು ಮಾತ್ರ ನೀರಿಟ್ಟರೆ ಮುಖ ನೋಡಿ ‘ಬಸ್’ ಎನ್ನುತ್ತಿದ್ದಳು. ತಿಂದಾದ ಮೇಲೆ ಎಲ್ಲರ ತಟ್ಟೆಗಳನ್ನೂ ನನ್ನ ಕೈಗೆಟುಕುವಂತೆ ಟೇಬಲ್ಲಿನ ಅಂಚಿಗೆ ಸರಿಸುತ್ತಿದ್ದಳು. ಹೋಟೆಲಿನಲ್ಲಿ ದುಡಿದವರಿಗೆ ಇದು ಎಂಥ ದೊಡ್ಡ ವಿಷಯವೆಂದು ಬೇರೆಯವರಿಗೆ ತಿಳಿಸಿ ಹೇಳುವುದು ಕಷ್ಟ. ಅವಳು ನನ್ನನ್ನು ನೆನಪಿಟ್ಟಿರುತ್ತಾಳೆಂದು ನಾನೇನೂ ನಂಬಿರಲಿಲ್ಲ. ವೇಟರನ ಅಂಗಿ ಹಾಕಿದವನು ಬಹುಮಟ್ಟಿಗೆ ಅದೃಶ್ಯನೇ. ಆದರೆ ಈ ಸಂಬಂಧ ಆಗಲೇಬೇಕೆಂದು ನನಗೆ ಅನ್ನಿಸಿಬಿಟ್ಟಿತು. ಅಲ್ಲಿಯವರೆಗೆ ಯಾವುದರ ಬಗ್ಗೆಯೂ ನನಗೆ ಹಾಗೆ ಅನ್ನಿಸಿರಲಿಲ್ಲ, ನೌಕರಿಯ ಬಗ್ಗೆಯೂ.

ಆದಿತ್ಯವಾರ ಮಾವ ಸಫಾರಿ ಸೂಟಿನಲ್ಲಿ ಠಾಣೆ ಸ್ಟೇಷನ್ನಿನಲ್ಲಿ ಕಾದಿದ್ದರು. ಲೋಕಲ್ ಹತ್ತುವ ಮೊದಲೇ ಆಜ್ಞೆಯಾಯಿತು.

“ನೀನು ಆ ಹೋಟೆಲು ನೋಡಿಯೇ ಇಲ್ಲ. ತಿಳೀತಾ? ನಿನ್ನೆ ನಾನೇ ಹೋಗಿ ಎಲ್ಲರಿಗೂ ಹೇಳಿ ಬಂದಿದ್ದೇನೆ. ಅವರಿಗೆ ನಿನ್ನ ಗುರುತಿಲ್ಲ, ನಿನಗೆ ಅವರ ಗುರುತಿಲ್ಲ.”

“ಅಣ್ಣನಿಗೂ ಹೇಳಿದ್ರಾ?”

“ಅವರೇ ಮೊದಲು ಒಪ್ಪಿದ್ದು. ‘ಹುಡುಗನಿಗೆ ಒಳ್ಳೇದಾಗುದಾದ್ರೆ ನನ್ನದೇನು’ ಅಂದರು.”

ಮೆಟ್ಟಿಲು ಹತ್ತಿದೆವು. ಮಾವ ಮುಂದೆ. ಠಪ್ ಎಂದು ಸದ್ದಾಯಿತು. ಸಫಾರಿ ಸೂಟು ದೇವರನ್ನು ನೆನೆಯಿತು. ಅವರ ಹಿಂದೆ ನಾನು ಬಗ್ಗಿ ಒಳಗೆ ಹೋದೆ.

“ಬನ್ನಿ ಬನ್ನಿ, ಬಸಾ, ಕೂತ್ಕೊಳ್ಳಿ,” ಎಂದರು ಹುಡುಗಿಯ ಅಪ್ಪ. ಪಕ್ಕದಲ್ಲಿ ಅವಳ ಅಮ್ಮ. ಗೋಡೆಯ ಬದಿಗೆ ಅವಳು, ಹಸಿರು ಸೀರೆಯಲ್ಲಿ. ಹಿಂದೆ ಗಾಜಿನ ತೊಟ್ಟಿಯಲ್ಲಿ ಮಾಲೀಕರ ಒಂದೇ ಒಂದು ಮೀನು, ಇಂಥ ಎಷ್ಟೋ ಶಾಸ್ತ್ರಗಳನ್ನು ಕಂಡು ಬೇಸತ್ತ ಮುಖದಲ್ಲಿ ತಿರುಗುತ್ತಿತ್ತು.

ಅಣ್ಣ ನೀರು ತಂದರು. ನಡಿಗೆ ಬದಲಾಗಿತ್ತು, ಒಂದು ಮೊಣಕಾಲನ್ನು ಮಡಚದೆ ಎಳೆಯುತ್ತಿದ್ದರು. ಗ್ಲಾಸುಗಳನ್ನಿಟ್ಟು, ನನ್ನ ತಲೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ ಕೇಳಿದರು:

“ಕ್ಯಾ ಲೇಂಗೇ ಸಾಬ್?”

ನಾವು ಹೋಟೆಲಿನವರು ನಮ್ಮೊಳಗೆ ಜಗಳವಾಡುತ್ತಿದ್ದುದೂ ತುಳುವಿನಲ್ಲೇ. ಅಣ್ಣ ನನ್ನೊಡನೆ ಹಿಂದಿಯಲ್ಲಿ ಮಾತನಾಡಿದ್ದು ಅದೇ ಮೊದಲು. ನನಗಾಗಿ ಅವರು ಆ ಪಾತ್ರವನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರೆಂದರೆ, ಎತ್ತಿದ ಗ್ಲಾಸನ್ನು ನಾನು ಹಾಗೇ ಕೆಳಗಿಟ್ಟೆ.

ಹುಡುಗಿಯ ಅಮ್ಮ ಎಲ್ಲರಿಗೂ ಉಪ್ಮಾ, ಶೀರಾ ಹೇಳಿದರು. ತಿನ್ನುತ್ತ ವಿಚಾರಣೆ ಸುರುವಾಯಿತು.

“ವಾಶಿಗೆ ಮೊದಲು ಎಲ್ಲಿದ್ರು?” ಅಪ್ಪ ನನ್ನ ಬಗ್ಗೆ ಮಾವನನ್ನು ಕೇಳಿದರು.

“ನನ್ನ ಒಟ್ಟಿಗೆ. ಬಿಸಿನೆಸ್.”

“ಯಾವ ಬಿಸಿನೆಸ್?”

“ಜನರಲ್ ಬಿಸಿನೆಸ್,” ಎಂದರು ಮಾವ, ಹಣೆಯ ಬುಗುಟನ್ನು ಸವರಿಕೊಂಡು.

“ಡೊಂಬಿವಲಿಗೆ ಬಂದದ್ದುಂಟಾ ಮೊದಲು?”

“ಎಲ್ಲಿಂದ! ಇವತ್ತೇ ಮೊದಲು.”

ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಏನನ್ನೋ ಕಾಯುವಂತಿತ್ತು ಆ ನೋಟ. ನಾನು ಉಪ್ಮಾದಲ್ಲಿ ಸಾಸಿವೆ ಹುಡುಕಿದೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಫಿಯ ಟ್ರೇ ಬರುವ ಸದ್ದು. ಒಂದು ಮೆಟ್ಟಿಲು, ಒಂದು ಉಸಿರು. ಮತ್ತೊಂದು ಮೆಟ್ಟಿಲು, ಮತ್ತೊಂದು ಉಸಿರು. ತೊಲೆಯ ಹತ್ತಿರ ಬಗ್ಗುವಾಗ ಅಣ್ಣನ ಮೊಣಕಾಲು ಕೈಕೊಟ್ಟಿತು. ಕಪ್ಪುಗಳು ಕಿಣಿಕಿಣಿ ಎಂದವು. ನಾನು ಯಾವಾಗ ಎದ್ದೆನೋ, ಯಾವಾಗ ಅಲ್ಲಿಗೆ ತಲುಪಿದೆನೋ! ಟ್ರೇ ನನ್ನ ಕೈಯಲ್ಲಿತ್ತು.

“ಅಣ್ಣ, ಕೊಡಿ ಇಲ್ಲಿ. ಈ ಕಾಲನ್ನು ಇನ್ನೂ ಡಾಕ್ಟರಿಗೆ ತೋರಿಸಲಿಲ್ವಾ ನೀವು?” ತುಳುವಿನಲ್ಲೇ ಕೇಳಿದೆ, ಸಿಟ್ಟಿನಿಂದಲೇ.

ಅಣ್ಣ ಗಾಬರಿಯಾಗಿ, “ನಹೀ ಸಾಬ್, ಠೀಕ್ ಹೈ ಸಾಬ್,” ಎಂದರು. ಪಾಪ, ಕೊನೆಯವರೆಗೂ ಪಾತ್ರ ಬಿಡಲಿಲ್ಲ.

ನಾನು ಕಪ್ಪುಗಳನ್ನು ಹಂಚಿದೆ. ಒಂದರಲ್ಲಿ ಚಮಚ ನಿಂತಿತ್ತು. ಚಮಚ ಇದ್ದರೆ ಸಕ್ಕರೆ ಕಡಿಮೆ. ನಮ್ಮ ಹೋಟೆಲಿನ ಗುರುತು ಅದು. ಕೈ ಹಳೆಯ ರೂಢಿಯಂತೆ ತಾನಾಗಿ ಆ ಕಪ್ಪನ್ನು ಹುಡುಗಿಯ ಅಪ್ಪನ ಮುಂದಿಟ್ಟಿತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ನನ್ನ ಮುಖವನ್ನು ಸರಿಯಾಗಿ ನೋಡಿದರು.

“ನಾನು ಇಲ್ಲೇ ವೇಟರ್ ಆಗಿದ್ದೆ,” ಎಂದೆ. “ಇವರು ನನಗೆ ಕೆಲಸ ಕಲಿಸಿದವರು. ಓದಿಸಿದವರೂ ಇವರೇ.”

ಅಪ್ಪ ಮಾವನ ಕಡೆ ತಿರುಗಿದರು. “ಜನರಲ್ ಬಿಸಿನೆಸ್?”

ಮಾವ ಮೀನನ್ನು ಅಭ್ಯಾಸ ಮಾಡತೊಡಗಿದರು.

“ಕೆಲಸದಲ್ಲಿ ತಪ್ಪೇನಿಲ್ಲ. ಮುಚ್ಚಿಡೂದು ಯಾಕೆ?” ಎಂದು ಅಪ್ಪ ಕಾಫಿ ಕುಡಿದರು. ಖಾಲಿ ಕಪ್ಪನ್ನು ಕೆಳಗಿಟ್ಟು, “ಸರಿ. ನೋಡುವ. ತಿಳಿಸ್ತೇವೆ,” ಎಂದರು. ಈ ಮೂರು ಮಾತಿನ ಅರ್ಥ ಆ ಮಾಳಿಗೆಯ ಮೀನಿಗೂ ಗೊತ್ತಿತ್ತು.

ನಾನು ಕುಳಿತಿರಲಾರದೆ ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ಅಣ್ಣನ ಹಿಂದೆ ಕೆಳಗಿಳಿದೆ. ಎಲ್ಲಕ್ಕಿಂತ ಮೇಲಿದ್ದುದು ಹುಡುಗಿಯ ತಟ್ಟೆ. ಅದರಲ್ಲಿ ಶೀರಾ ಬಡಿಸಿದ ಹಾಗೇ ಇತ್ತು, ಮೇಲಿನ ದ್ರಾಕ್ಷಿಯೂ ಅಲುಗಿರಲಿಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ಎಲ್ಲರೂ ನೋಡಿದರು. ದೋಸೆ ಹುಯ್ಯುವವರು ಕೈ ನಿಲ್ಲಿಸಿದರು. ಅಣ್ಣ ತೀರ್ಪು ಹೇಳಲಿಲ್ಲ, ಆ ತಟ್ಟೆಯನ್ನು ಬೇರೆ ತಟ್ಟೆಗಳ ಅಡಿಗೆ ತುರುಕಿ, ಈಗ ತುಳುವಿನಲ್ಲಿ ಬೈದರು: “ಬುದ್ಧಿ ಉಂಟಾ ನಿನಗೆ? ಒಂದು ಗಂಟೆ ಸುಮ್ಮನೆ ಕೂತುಕೊಳ್ಳಲಿಕ್ಕೆ ಆಗ್ಲಿಲ್ವಾ? ನನ್ನ ಕಾಲಿಗೆ ಏನಾಗ್ತಿತ್ತು? ಕಾಫಿ ಚೆಲ್ಲಿದರೆ ಬೇರೆ ಕಾಫಿ ಇತ್ತು.” ಬೈಯುತ್ತಲೇ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡರು. ಸೆಕೆ ಬಹಳವಿತ್ತು.

ಕೈ ತೊಳೆಯುವ ಬೇಸಿನ್ ಆ ಕಿಟಕಿಯ ಪಕ್ಕದಲ್ಲೇ. ತಿರುಗಿ ನೋಡಿದರೆ ಹುಡುಗಿ ಅಲ್ಲಿ ಕೈ ತೊಳೆಯುತ್ತಿದ್ದಳು. ಒಂದು ತುತ್ತೂ ಶೀರಾ ಮುಟ್ಟದ ಕೈಯನ್ನು ಬಹಳ ಹೊತ್ತು ತೊಳೆದಳು.

“ಇಲ್ಲಿಗೆ ನನ್ನನ್ನು ನೋಡ್ಲಿಕ್ಕೆ ಬಂದವರೆಲ್ಲ ಆ ತೊಲೆಗೆ ತಲೆ ಹೊಡ್ಕೊಂಡ್ರು,” ಎಂದಳು, ನಲ್ಲಿಗೆ ಹೇಳುವಂತೆ. “ನೀವು ಬಗ್ಗಿದ್ರಿ. ತೇವ್ಹಾಚ್ ಓಳಖಲಂ. ಆಗ್ಲೇ ಗುರುತು ಸಿಕ್ತು ನನಗೆ.”

ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಅಣ್ಣನ ಗುರುತೇ ಇಲ್ಲದವರ ಹಾಗೆ ಹಿಂದಿಯಲ್ಲೇ ಮುಗಿಸಿ ಎದ್ದು ಹೋಗಿದ್ರೆ ನಾನು ಸೀದಾ ನಾಹೀ ಅಂತಿದ್ದೆ. ಪಪ್ಪಂದು ಬಿಡಿ, ಅವರಿಗೆ ನಾನು ಹೇಳ್ತೇನೆ.”

ಅಣ್ಣನಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ನ್ಯಾಯಾಧೀಶರ ಗಾಂಭೀರ್ಯದಲ್ಲಿ ಕೇಳಿದರು: “ಹಾಗಾದ್ರೆ ಶೀರಾ ಯಾಕೆ ಬಿಟ್ಟದ್ದು ಅಮ್ಮಾ?”

“ಅಯ್ಯೋ, ನನಗೆ ಶೀರಾ ಆಗೂದೇ ಇಲ್ಲ ಅಣ್ಣ, ಸಣ್ಣಂದಿನಿಂದ. ಪ್ರತೀ ಸಲ ಅದನ್ನೇ ತರಿಸ್ತಾರೆ. ನನ್ನನ್ನು ಯಾರು ಕೇಳ್ತಾರೆ?”

ದೋಸೆ ಹುಯ್ಯುವವರು ಮತ್ತೆ ಕೈ ನಿಲ್ಲಿಸಿದರು. ಒಂದು ಶಾಸ್ತ್ರ ಬುಡಸಮೇತ ಉರುಳುವಾಗ ಹಾಗೆಯೇ ಆಗಬೇಕು. ಅಣ್ಣ ಆ ತಟ್ಟೆಯನ್ನು ಅಡಿಯಿಂದ ಎಳೆದು ತೆಗೆದು ನೋಡುತ್ತ ನಿಂತರು. ತಾವು ಇಷ್ಟು ವರ್ಷ ‘ಆಗುವುದಿಲ್ಲ’ ಎಂದು ಬದಿಗಿಟ್ಟ ಹುಡುಗಿಯರಲ್ಲಿ ಎಷ್ಟು ಮಂದಿಗೆ ಬರೇ ಶೀರಾ ಸೇರುತ್ತಿರಲಿಲ್ಲವೋ ಎಂದು ಯೋಚಿಸುತ್ತಿದ್ದಿರಬೇಕು.

ನಾನು ಹಳೆಯ ದನಿಯಲ್ಲೇ ಕೇಳಿದೆ: “ನಿಮಗೆ ಏನು ಬೇಕು?”

ಅವಳು ನಕ್ಕಳು. “ಬಟಾಟಾ ವಡಾ.”

ಅಲ್ಲೇ ಬೇಸಿನ್ನಿನ ಪಕ್ಕ ನಿಂತು ತಿಂದಳು, ಬಿಸಿಗೆ ಊದಿಕೊಂಡು, ಹಸಿರು ಸೀರೆಗೆ ಚಟ್ನಿ ತಾಗದಂತೆ ಮುಂದಕ್ಕೆ ಬಾಗಿ. ಮೇಲೆ ಠಪ್ ಎಂದಿತು. ಅಷ್ಟು ವರ್ಷಗಳಿಂದ ಬರುತ್ತಿದ್ದ ಅವಳ ಅಪ್ಪ ಹಣೆ ಹಿಡಿದುಕೊಂಡು ಇಳಿದು ಬಂದರು. ಮಗಳನ್ನು ನೋಡಿದರು, ವಡೆಯನ್ನು ನೋಡಿದರು, ನನ್ನನ್ನು ನೋಡಿದರು.

“ಪಪ್ಪ, ನನ್ನದು ಹೋ ಆಹೇ,” ಎಂದಳು ಅವಳು, ಬಾಯಲ್ಲಿ ವಡೆಯಿದ್ದಂತೆಯೇ. ಒಪ್ಪಿಗೆ ಅಷ್ಟರಲ್ಲಿ ಮುಗಿಯಿತು.

ಅಪ್ಪ ಹಣೆಯ ಮೇಲಿನ ಕೈ ಇಳಿಸಿದರು. ಮತ್ತೆ ನನ್ನ ಮೇಲೆ ದೂರು ಹೇಳುವ ದನಿಯಲ್ಲಿ, “ನೀವು ಬಿಟ್ಟು ಹೋದ ಮೇಲೆ ನನ್ನ ಚಮಚ ಎಷ್ಟೋ ಸಲ ಬೇರೆಯವರ ಕಪ್ಪಿಗೆ ಹೋಗಿದೆ,” ಎಂದರು.

ಮಾಳಿಗೆಯಿಂದ ಹುಡುಗಿಯ ಅಮ್ಮನ ದನಿ ಬಂತು: “ಅಲ್ಲಿ ಏನು ನಡೀತಾ ಇದೆ? ಎಲ್ಲರಿಗೂ ಇನ್ನೊಂದು ಸಲ ಕಾಫಿ ಕಳಿಸಿ!”

ಅಣ್ಣ ಖಾಲಿ ವಡೆ ತಟ್ಟೆಯನ್ನು ಕಿಟಕಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ಟ್ರೇ ತುಂಬಿ ನನ್ನ ಕೈಗೆ ಕೊಟ್ಟು, “ನೀನೇ ಕೊಂಡುಹೋಗು. ನನ್ನ ಕಾಲು ನೋಯ್ತದೆ,” ಎಂದರು.

ನಾನು ಟ್ರೇಯನ್ನು ಹೆಗಲೆತ್ತರಕ್ಕೆ ಏರಿಸಿ ಮೆಟ್ಟಿಲು ಹತ್ತಿದೆ. ಹಿಂದೆ ಅವಳು ಬರುತ್ತಿದ್ದಳು. ಬರುತ್ತಿದ್ದಾಳೆಯೇ ಎಂದು ಒಮ್ಮೆ ತಿರುಗಿ ನೋಡಿದೆ. ಮುಂದೆ ತಿರುಗಿದ್ದೇ ತಡ, ಠಪ್ ಎಂದು ತೊಲೆ ನನ್ನ ಹಣೆಗೆ ಬಡಿಯಿತು. ಆ ಬೋರ್ಡನ್ನು ನಾನು ಓದಿದ್ದು ಆವತ್ತೇ.

ಕಾಫಿ ಮಾತ್ರ ಒಂದು ಹನಿಯೂ ಚೆಲ್ಲಲಿಲ್ಲ. ಕಲಿಸಿದವರು ಅಷ್ಟು ಚೆನ್ನಾಗಿ ಕಲಿಸಿದ್ದರು.